ನೀರುನಾಯಿ ಚಿತ್ರದ ಏಳು ಚುಕ್ಕಿ

ಫೋಟೋ ಲ್ಯಾಬು, ಎರಡನೇ ಮಹಡಿ, ಕಿಟಕಿ ಇಲ್ಲದ ಕೋಣೆ
ತಾ. ೧೭, ಬುಧವಾರ, ಊಟದ ಬಿಡುವು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟ ಹೇಗಿದೆ? ಹತ್ತು ವರ್ಷ ಕಾಡಿನ ಹಳ್ಳದಿಣ್ಣೆಯಲ್ಲಿ ಜೀಪು ಓಡಿಸಿ ಸವೆಸಿಕೊಂಡ ಸೊಂಟವನ್ನು ಈಗ ಬಂದರಿನ ಗೋದಾಮಿನಲ್ಲಿ ಮೂಟೆ ಎತ್ತುವ ಗಾಡಿಯ ಮೇಲೆ ಕೂರಿಸಿದ್ದೀಯಂತೆ. ಎಡಗಡೆಯ ಹಲ್ಲು ಕೀಳಿಸಿದೆಯೋ, ಇಲ್ಲ ಇನ್ನೂ ಬಲಗಡೆಯಲ್ಲೇ ಅಗಿಯುತ್ತಿದ್ದೀಯೋ? ಕಾಡುಹಂದಿ ಎದುರಿಗೆ ಬಂದರೂ ಕದಲದ ಗಂಡಸು ಹಲ್ಲಿನ ಡಾಕ್ಟರ ಬಾಗಿಲಿನಿಂದ ಓಡಿಬಂದದ್ದನ್ನು ಅಮ್ಮ ಈಗಲೂ ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ನಿನ್ನ ಹಳೆಯ ನಂಬರಿಗೆ ಫೋನ್ ಹೋಗುತ್ತಿಲ್ಲ, ಹೊಸದನ್ನು ನೀನು ಕೊಡಲಿಲ್ಲ. ಅಮ್ಮನಿಗೆ ನೀನು ಕಳಿಸಿದ ಸ್ವೆಟರಿನ ಪೊಟ್ಟಣದ ಮೇಲಿದ್ದ ವಿಳಾಸಕ್ಕೆ ಇದನ್ನು ಬರೆಯುತ್ತಿದ್ದೇನೆ. ಸ್ವೆಟರು ಅವಳಿಗೆ ಎರಡು ಅಳತೆ ದೊಡ್ಡದು. ಬಿಚ್ಚು ಅಂದರೆ ಬಿಚ್ಚುವುದಿಲ್ಲ.

ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು. ಪಟ್ಟಿ ಬಿಚ್ಚಿದ ಮೇಲೆ ಅವಳು ಮೊದಲು ನೋಡಿದ್ದು ನನ್ನ ಮುಖವನ್ನು. “ಇಷ್ಟೊಂದು ಕಪ್ಪುಚುಕ್ಕಿ ಯಾವಾಗ ಬಂತೇ ನಿಂಗೆ?” ಅಂದಳು. ಬಂದು ಐದು ವರ್ಷ ಆಯ್ತಮ್ಮ, ನಿನಗೆ ಈಗ ಕಾಣಿಸಿದೆ ಅಂದೆ. ಆಮೇಲೆ, ನಿನ್ನ ಅಣ್ಣ ಮನೆಯಲ್ಲೇ ಇದ್ದಿದ್ದರೆ ಅವನ ಮುಖವನ್ನೂ ಸರಿಯಾಗಿ ನೋಡುತ್ತಿದ್ದೆ ಅಂದಳು. ನಿನ್ನನ್ನು ವಾಪಸು ಕರೆಸುವ ದಾರಿ ಮೊನ್ನೆ ಭಾನುವಾರ ಸಿಕ್ಕಿತು. ಹಾಗಾಗಿ ಈ ಕಾಗದ.

ಆ ಮನುಷ್ಯನ ವಿಷಯ ಬರೆಯಬೇಕು. ನೀನು ಕಾಗದ ಮಡಚಿ ಇಡಬೇಡ, ಪೂರ್ತಿ ಓದು. ಲ್ಯಾಬಿನಲ್ಲಿ, ಜೀಪು ಆಫೀಸಿನಲ್ಲಿ, ಶಿಷ್ಯರ ಗುಂಪಿನಲ್ಲಿ ಎಲ್ಲರೂ ಅವನನ್ನು ಗುರುಗಳು ಅನ್ನುತ್ತಾರೆ. ಈ ಕಾಗದದಲ್ಲಿ ಅವನಿಗೆ ಬಹುವಚನವಿಲ್ಲ. ನೀನು ಓಡಿಸಿದ ಜೀಪಿನಲ್ಲಿ ಕೂತು, ನೀನು ತೋರಿಸಿದ ಕಡೆಗೆ ತಿರುಗಿ, ನೀನು ಹೂಂ ಅಂದಾಗ ಕ್ಯಾಮೆರಾದ ಗುಂಡಿ ಒತ್ತಿ, ಆಮೇಲೆ ವೇದಿಕೆ ಹತ್ತಿ ‘ನನ್ನ ಕಣ್ಣು’ ಅಂತ ಭಾಷಣ ಮಾಡಿದವನು. ಅಷ್ಟಾದರೂ ನಾವು ನುಂಗಿಕೊಂಡಿದ್ದೆವು, ಹತ್ತು ವರ್ಷ. ನಮ್ಮಂಥವರಿಗೆ ನುಂಗುವುದು ಅಭ್ಯಾಸವಾಗಿಬಿಟ್ಟಿದೆ, ಅದೇ ಅವರಿಗೆ ಬಂಡವಾಳ. ಆದರೆ ನೀರುನಾಯಿ ನಿನ್ನದು. ರಜೆ ಹಾಕಿ, ಹತ್ತೊಂಬತ್ತು ಸಂಜೆ ಆ ಸೇತುವೆಯ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತದ್ದು ನೀನು. ಇಪ್ಪತ್ತನೆಯ ಸಂಜೆ ತಾಯಿ ನೀರುನಾಯಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಕಲ್ಲಿನಿಂದ ಕಲ್ಲಿಗೆ ದಾಟುವಾಗ, ಮದುವೆ ಫೋಟೋದವನ ಹತ್ತಿರ ಕೊಂಡ ಆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾದಲ್ಲಿ ಹಿಡಿದದ್ದು ನೀನು. ಮೈಯೆಲ್ಲ ಒದ್ದೆ ಮಾಡಿಕೊಂಡು ಮನೆಗೆ ಬಂದು, ಸಿಕ್ತು ಕಣೇ ಗೂಬೆಮರಿ ಅಂತ ಅಡುಗೆಮನೆಯಲ್ಲಿ ಕುಣಿದದ್ದು ನನಗೆ ನೆನಪಿದೆ. ಚಿತ್ರವನ್ನು ನನಗೆ ತೋರಿಸುವ ಮೊದಲೇ, ಮಾರನೇ ಬೆಳಿಗ್ಗೆ, ಅವನಿಗೆ ತೋರಿಸಿದೆ. ಹೊಗಳಲಿ ಅಂತ. ಅವನು ಬೆನ್ನು ತಟ್ಟಿ, “ಕಾರ್ಡು ಕೊಡಪ್ಪ, ನನ್ನ ಹತ್ರ ಒಳ್ಳೇ ಸಾಫ್ಟ್‌ವೇರ್ ಇದೆ, ತೊಳೆದು ಕೊಡ್ತೀನಿ” ಅಂದ. ವಾರ ಬಿಟ್ಟು ಖಾಲಿ ಕಾರ್ಡು ವಾಪಸು ಬಂತು. ಕೆಟ್ಟುಹೋಗಿದೆಯಂತೆ, ಒಂದೂ ತೆರೆಯಲಿಲ್ಲವಂತೆ. ನೀನು ನಂಬಿದೆ.

ಒಂಬತ್ತು ತಿಂಗಳಿಗೆ ಅದೇ ನೀರುನಾಯಿಗೆ ದೊಡ್ಡ ಬಹುಮಾನ ಬಂತು, ಕೆಳಗೆ ಅವನ ಹೆಸರು. ನೀನು ಜೀಪು ಆಫೀಸಿನಲ್ಲಿ ನಿಂತು ಅದು ನನ್ನ ಚಿತ್ರ ಅಂದೆ. ಅವರು ನಕ್ಕರು. ನಕ್ಕದ್ದು ಸಾಲದೆ ಕ್ಷಮಾಪಣೆ ಬರೆಸಿಕೊಂಡರು, ಬರೆದ ಹಾಳೆಯನ್ನು ಹಾಜರಿ ಪುಸ್ತಕದ ಮೇಲಿನ ಬೋರ್ಡಿಗೆ ಪಿನ್ನು ಚುಚ್ಚಿ ನೇತುಹಾಕಿದರು, ಆಮೇಲೆ ಕೆಲಸದಿಂದಲೂ ತೆಗೆದರು. ಇದೆಲ್ಲ ನಿನಗೆ ಗೊತ್ತಿರುವುದೇ. ಗೊತ್ತಿರುವುದನ್ನೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಬರೆಯುತ್ತ ಬರೆಯುತ್ತ ಕೋಪ ಆರದೆ ಇರಲಿ ಅಂತ. ಕ್ಷಮಿಸುವುದನ್ನು ನನಗೆ ಯಾರೂ ಕಲಿಸಲಿಲ್ಲ. ನಮ್ಮ ನೌಕರರ ಸಂಘದಲ್ಲಿ ಕಲಿಸಿದ್ದು ಕಾಗದಪತ್ರ ಇಟ್ಟುಕೊಳ್ಳುವುದನ್ನು, ಕಾಯುವುದನ್ನು.

ಆದರೆ ಆಫೀಸಿನವರ ನಗುವಿಗಿಂತ ನಿನ್ನನ್ನು ಮುರಿದದ್ದು ನಾನು. ಅದೂ ನೆನಪಿದೆ. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಊಟದ ಮೇಜಿನ ಮೇಲೆ ಹರಡಿ, ನೋಡು ನನ್ನದೇ ಅಂತ ನೀನು ತೋರಿಸಿದೆ. ನಾನು ಕನ್ನಡಕ ಹಾಕಿಕೊಂಡು, ದೊಡ್ಡ ತಜ್ಞೆಯ ಹಾಗೆ ಬಗ್ಗಿ ನೋಡಿ, “ನಿನ್ನ ಕ್ಯಾಮೆರಾದಲ್ಲಿ ಇಷ್ಟು ಶುಭ್ರವಾಗಿ ಬರೋಕೆ ಸಾಧ್ಯಾನೇ ಇಲ್ಲ ಅಣ್ಣಾ” ಅಂದೆ. ಅಮ್ಮನ ಎದುರಿಗೆ ಅಂದೆ. ನೀನು ತಟ್ಟೆಯನ್ನು ಹಿಂದಕ್ಕೆ ತಳ್ಳಿ ನನ್ನನ್ನು ಒಂದು ಸಲ ನೋಡಿದೆಯಲ್ಲ, ಆ ನೋಟ. ಕ್ಷಮಾಪಣೆಗೆ ನೀನು ಸಹಿ ಹಾಕಿದ್ದು ಅದರ ಮಾರನೇ ದಿನ.

ಈಗ ನನ್ನ ಕೆಲಸದ ಬಗ್ಗೆ ನಾಲ್ಕು ಮಾತು. ಬೇಜಾರು ಮಾಡಿಕೊಳ್ಳಬೇಡ, ಮುಂದಿನದಕ್ಕೆ ಬೇಕು. ಮಬ್ಬು ಬೆಳಕಿನಲ್ಲಿ ತೆಗೆದ ಪ್ರಾಣಿಗಳ ಫೋಟೋದ ತುಂಬ ಮರಳು ಎರಚಿದ ಹಾಗೆ ಕಾಳು ಎದ್ದಿರುತ್ತದೆ. ನಾಯ್ಸ್ ಅನ್ನುತ್ತಾರೆ. ಅದನ್ನು ತೆಗೆಯುವ ಸಾಫ್ಟ್‌ವೇರ್ ಓಡಿಸುವುದಕ್ಕೇ ನನ್ನನ್ನು ಇಲ್ಲಿ ಕೂರಿಸಿರುವುದು. ಕಾಳು ಯಾವುದು, ತುಪ್ಪಳ ಯಾವುದು ಅಂತ ಅದು ಲೆಕ್ಕ ಹಾಕಿ ಕಾಳನ್ನು ನುಣ್ಣಗೆ ಮಾಡುತ್ತದೆ. ಒಮ್ಮೊಮ್ಮೆ ಅತಿ ಬುದ್ಧಿವಂತಿಕೆ ತೋರಿಸಿ ಇಲ್ಲದ ಕೂದಲನ್ನೂ ಹುಟ್ಟಿಸುತ್ತದೆ. ಹೋದ ತಿಂಗಳು ತಮಾಷೆಗೆ ನಮ್ಮ ಲ್ಯಾಬಿನ ಯಜಮಾನರ ಫೋಟೋ ಹಾಕಿದೆವು, ಅವರ ಬೋಳುತಲೆಯ ಮೇಲೆ ಮುಂಗುಸಿಯ ತುಪ್ಪಳ ಬಂತು. ಪ್ರಿಂಟು ತೆಗೆದು ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೇವೆ. ಆದರೆ ಈ ಸಾಫ್ಟ್‌ವೇರ್ ಮೋಸ ಹೋಗುವುದು ಒಂದು ಕಡೆ. ಹಳೆಯ ಕ್ಯಾಮೆರಾಗಳ ಒಳಗೆ ಕೆಲವು ಬಿಂದುಗಳು ಸುಟ್ಟುಹೋಗಿ, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕೆಂಪಗೆ ಹೊಳೆಯುತ್ತವೆ. ಸಾಫ್ಟ್‌ವೇರ್ ಅವನ್ನು ಪ್ರಾಣಿಯ ಕಣ್ಣಿನ ಹೊಳಪು ಅಂದುಕೊಂಡು ಬಿಟ್ಟುಬಿಡುತ್ತದೆ. ಅವನ್ನು ಕೈಯಿಂದಲೇ ಒಂದೊಂದಾಗಿ ಒರೆಸಬೇಕು. ನಿನ್ನ ಕ್ಯಾಮೆರಾದಲ್ಲಿ ಅಂಥವು ಏಳು ಇದ್ದವು. ಅದಕ್ಕೆ ಚಿಕ್ಕಂದಿನಲ್ಲಿ ಸಿಡುಬು ಬಂದಿತ್ತು ಅಂತ ನೀನು ತಮಾಷೆ ಮಾಡುತ್ತಿದ್ದೆ. ಎಡಗಡೆ ಕೆಳಗಿನ ಮೂಲೆಯಲ್ಲಿ ಒಂದು, ಬಲಗಡೆ ಮೆಟ್ಟಿಲಿನ ಹಾಗೆ ಮೂರು, ನಡುವೆ ಒಂದು, ಮೇಲೆ ಅಂಟಿಕೊಂಡಿರುವ ಅವಳಿ ಎರಡು. ಆರು ವರ್ಷ, ನೀನು ತಂದ ಪ್ರತಿಯೊಂದು ಚಿತ್ರದಲ್ಲೂ ನಾನು ಅವನ್ನು ಅದೇ ಕ್ರಮದಲ್ಲಿ ಒರೆಸುತ್ತಿದ್ದೆ. ಬಾಗಿಲು ತೆಗೆದ ತಕ್ಷಣ ಕೈ ಸ್ವಿಚ್ಚಿಗೆ ಹೋಗುವ ಹಾಗೆ.

ಈ ತಿಂಗಳು ಅವನ ನಲವತ್ತು ಚಿತ್ರಗಳ ಪ್ರದರ್ಶನ. ಎಲ್ಲ ನಮ್ಮ ಲ್ಯಾಬಿನದೇ ಕೆಲಸ. ನೀರುನಾಯಿಯನ್ನು ಗೋಡೆಯಷ್ಟು ಅಗಲ, ಹನ್ನೆರಡು ಅಡಿ, ಪ್ರಿಂಟು ಮಾಡಬೇಕು. ಹೋದ ವರ್ಷ ತೊಳೆದ ಚಿತ್ರ ಅಷ್ಟು ದೊಡ್ಡದಕ್ಕೆ ಸಾಲದು, ಮೂಲ ಫೈಲಿನಿಂದ ಮತ್ತೆ ಶುರುಮಾಡು ಅಂತ ಯಜಮಾನರು ಹೇಳಿದರು. ಹೊಸ ಸಾಫ್ಟ್‌ವೇರಿನಲ್ಲಿ ಒಂದು ಅನುಕೂಲ ಇದೆ. ತೊಳೆಯುವ ಮೊದಲು ಪ್ರಾಣಿಯನ್ನು ಪಕ್ಕಕ್ಕಿಟ್ಟು, ಏನನ್ನು ತೆಗೆಯುತ್ತೇವೋ ಅದನ್ನಷ್ಟೇ ತೋರಿಸುತ್ತದೆ. ಬೂದಿ ಬಣ್ಣದ ಒಂದು ಹಾಳೆ, ಅದರ ತುಂಬ ಕಸ. ಹಾಗೆ ತೆಗೆದೆ. ನೀರುನಾಯಿ ಇಲ್ಲ, ಕಲ್ಲಿಲ್ಲ, ನೀರಿಲ್ಲ. ಕೆಳಗಿನ ಮೂಲೆಯಲ್ಲಿ ಒಂದು. ಬಲಗಡೆ ಮೆಟ್ಟಿಲಿನ ಹಾಗೆ ಮೂರು. ನಡುವೆ ಒಂದು. ಮೇಲೆ ಅವಳಿ.

ಕುರ್ಚಿ ಬಿಟ್ಟು ಎದ್ದುನಿಂತೆ ಅಣ್ಣಾ. ಫೈಲಿನಲ್ಲಿ ಕ್ಯಾಮೆರಾದ ಹೆಸರು, ತಾರೀಖು, ಗಂಟೆ ಎಲ್ಲವನ್ನೂ ಅವನು ಕೆರೆದು ಹಾಕಿದ್ದ. ಬರಹದಲ್ಲಿದ್ದದ್ದನ್ನೆಲ್ಲ ಕೆರೆದ. ಚಿತ್ರದೊಳಗಿನ ಕೊಳೆ ಅವನಿಗೆ ಕಾಣಲೇ ಇಲ್ಲ, ಯಾಕೆಂದರೆ ಕೊಳೆ ತೆಗೆಯುವುದು ಅವನ ಕೆಲಸವಲ್ಲ, ನಮ್ಮದು.

ಇನ್ನು ಮುಂದಿನದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ, ನೇರವಾಗಿ ಬರೆಯುತ್ತೇನೆ. ಈ ಏಳು ಚುಕ್ಕಿ ಹೋದ ವರ್ಷ ಎಲ್ಲಿ ಹೋದವು, ಯಾರು ಒರೆಸಿದರು ಅಂತ ನೋಡಲು ಹಳೆಯ ಕೆಲಸದ ಪಟ್ಟಿ ತೆರೆದೆ. ಯಾವ ಫೈಲಿಗೆ ಯಾರು ಏನು ಮಾಡಿದರು ಅನ್ನುವುದು ಲ್ಯಾಬಿನಲ್ಲಿ ಸಾಲುಸಾಲಾಗಿ ಉಳಿದಿರುತ್ತದೆ. ಏಳು ಸಾಲು ಇದ್ದವು. ಮೊದಲು ಕೆಳಗಿನ ಮೂಲೆ, ಆಮೇಲೆ ಮೆಟ್ಟಿಲು ಮೂರು ಕೆಳಗಿನಿಂದ ಮೇಲಕ್ಕೆ, ಆಮೇಲೆ ನಡುವಿನದು, ಕೊನೆಗೆ ಅವಳಿ. ಕೆಲಸ ಮಾಡಿದವರ ಜಾಗದಲ್ಲಿ ನನ್ನ ನಂಬರು. ಸ್ಪರ್ಧೆಗೆ ಕಳಿಸುವ ಕೊನೆಯ ದಿನ ಇನ್ನೂರ ನಲವತ್ತು ಚಿತ್ರ ಒಟ್ಟಿಗೆ ಬಂದಿದ್ದವು, ಹೆಸರಿಲ್ಲ, ಬರೀ ಅಂಕಿ. ಪ್ರಾಣಿ ಯಾವುದೆಂದು ಯಾರು ನೋಡುತ್ತಾರೆ, ಪರದೆಯ ಮೇಲೆ ಉಗುರಿನಷ್ಟು ಜಾಗವನ್ನು ದೊಡ್ಡದು ಮಾಡಿಕೊಂಡು ಒರೆಸುತ್ತ ಹೋಗುವುದಷ್ಟೇ. ನಿನ್ನ ಚಿತ್ರ ಬಂತು. ನನ್ನ ಕೈ ಗುರುತು ಹಿಡಿಯಿತು, ನಾನು ಹಿಡಿಯಲಿಲ್ಲ. ನಿನ್ನದು ಅನ್ನುವುದಕ್ಕಿದ್ದ ಒಂದೇ ಗುರುತನ್ನು ನಿನ್ನ ತಂಗಿಯೇ ಏಳು ಸಲ ಒತ್ತಿ ಒರೆಸಿದಳು. ಒರೆಸಿ, ಅದು ಶುಭ್ರವಾಗಿದೆ ಅಂತ ಹೇಳಿ ನಿನ್ನನ್ನೇ ಸುಳ್ಳುಗಾರನನ್ನಾಗಿ ಮಾಡಿದಳು. ಅವನು ಕದ್ದ. ತೊಳೆದು ಇಸ್ತ್ರಿ ಮಾಡಿ ಅವನ ಕೈಗೆ ಕೊಟ್ಟದ್ದು ನಾನು. ನನಗೆ ಏನು ಶಿಕ್ಷೆ ಅನ್ನುವುದನ್ನು ನೀನು ಬಂದು ಹೇಳು. ಅವನ ಶಿಕ್ಷೆಯನ್ನು ನಾನು ಶುರುಮಾಡಿಬಿಟ್ಟಿದ್ದೇನೆ.

ಮೂಲ ಫೈಲನ್ನೂ ಆ ಏಳು ಸಾಲನ್ನೂ ನಕಲು ಮಾಡಿ ಸಂಘದ ಕಾರ್ಯದರ್ಶಿಯ ಬೀರುವಿನಲ್ಲಿಟ್ಟೆ. ಆಮೇಲೆ ನೀರುನಾಯಿಯನ್ನು ತೊಳೆದೆ. ಇಷ್ಟು ಶ್ರದ್ಧೆಯಿಂದ ಯಾವ ಚಿತ್ರವನ್ನೂ ತೊಳೆದಿಲ್ಲ. ತಾಯಿಯ ಮೀಸೆಯ ಒಂದೊಂದು ಕೂದಲೂ ಉಳಿಯಿತು, ಮರಿಯ ಕಿವಿಯ ಹತ್ತಿರದ ನೀರಿನ ಹನಿ ಉಳಿಯಿತು. ಮರಳೆಲ್ಲ ಹೋಯಿತು. ಏಳು ಚುಕ್ಕಿಯನ್ನು ಮುಟ್ಟಲಿಲ್ಲ. ಒಪ್ಪಿಗೆಗೆ ಅವನಿಗೆ ಕಳಿಸಿದ್ದು ಫೋನಿಗೆ, ಅಂಗೈಯಷ್ಟು ಪರದೆಯಲ್ಲಿ ಏನು ಕಾಣಬೇಕು? ಹೆಬ್ಬೆರಳು ಎತ್ತಿದ ಚಿತ್ರ ವಾಪಸು ಕಳಿಸಿದ. ಪ್ರಿಂಟಿನ ಯಂತ್ರ ನೋಡಿಕೊಳ್ಳುವ ಇಂಕಣ್ಣ (ಮೈಯೆಲ್ಲ ಶಾಯಿ, ಅದಕ್ಕೇ ಆ ಹೆಸರು) ಹಾಳೆ ಹೊರಬರುವಾಗ ನೋಡಿ, ಇದೇನಮ್ಮ ದಡಾರ ಬಂದಿದೆ ಅಂದ. ಎಲ್ಲ ಹೇಳಿದೆ. ಅವನು ಚಹಾ ಕುಡಿದು ಮುಗಿಸಿ, ನನ್ನ ಯಂತ್ರದಲ್ಲಿ ತಪ್ಪಿಲ್ಲ ಅಂತ ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ ಅಂದ.

ಈಗ ಬಲೆಯ ವಿಷಯ. ಪ್ರತಿ ಪ್ರದರ್ಶನದ ಮೊದಲ ದಿನ ಅವನು ಶಿಷ್ಯರಿಗೆ ಪಾಠ ಮಾಡುತ್ತಾನೆ, ಕಾಡಿನ ಚಿತ್ರಗಳನ್ನು ಶುಭ್ರ ಮಾಡುವುದು ಹೇಗೆ ಅಂತ. ಜನ್ಮದಲ್ಲಿ ಒಂದು ಚಿತ್ರ ತೊಳೆದವನಲ್ಲ. ಪಾಠದ ಟಿಪ್ಪಣಿ ಮೂರು ವರ್ಷದಿಂದ ನಾನೇ ಬರೆದುಕೊಡುವುದು, ಅವನು ಗಂಟಲು ಸರಿಮಾಡಿಕೊಂಡು ಓದುವುದು. ಈ ಸಲ ಒಂಬತ್ತನೇ ಪುಟದಲ್ಲಿ ನಾಲ್ಕು ಸಾಲು ಹೊಸದಾಗಿ ಸೇರಿಸಿದೆ. ಮನುಷ್ಯರ ಬೆರಳಚ್ಚಿನ ಹಾಗೆ ಪ್ರತಿ ಕ್ಯಾಮೆರಾಕ್ಕೂ ಹುಟ್ಟುಮಚ್ಚೆ ಇರುತ್ತದೆ, ಎರಡಕ್ಕೆ ಒಂದೇ ಥರ ಇರುವುದಿಲ್ಲ, ಪ್ರಾಮಾಣಿಕ ಕಲಾವಿದ ಅದನ್ನು ಒರೆಸದೆ ತನ್ನ ಸಹಿಯಂತೆ ಉಳಿಸಿಕೊಳ್ಳುವುದೂ ಉಂಟು, ಅಂತ. ‘ಪ್ರಾಮಾಣಿಕ’ ಅನ್ನುವ ಮಾತು ಅವನಿಗೆ ಎಷ್ಟು ಇಷ್ಟ ಅಂತ ನನಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಇನ್ನೂರು ಜನ, ಅದರಲ್ಲಿ ಅರ್ಧ ಜನ ಫೋನು ಎತ್ತಿ ಹಿಡಿದು ರೆಕಾರ್ಡು ಮಾಡುವವರು. ನಾನು ಪಕ್ಕದಲ್ಲಿ ಕಂಪ್ಯೂಟರ್ ಹಿಂದೆ ಕೂತಿದ್ದೆ, ಮೇಜಿನ ಹಾಗೆ, ಕುರ್ಚಿಯ ಹಾಗೆ. ಅವನು ನೀರುನಾಯಿಯ ಕೆಳಗೆ ನಿಂತಿದ್ದ. ಕಪ್ಪು ನೀರಿನ ಮೇಲೆ ಮೆಣಸಿನಕಾಳಿನಷ್ಟು ಕೆಂಪು ಚುಕ್ಕಿಗಳು ಉರಿಯುತ್ತಿದ್ದವು. ಚೌಕಟ್ಟು ಹಾಕುವ ವಿಭಾಗದ ನಮ್ಮ ದೊಡ್ಡಕ್ಕ, ಸಂಘದ ಖಜಾಂಚಿ, ಮೂರನೇ ಸಾಲಿನಲ್ಲಿ ಎದ್ದುನಿಂತು ಏನೂ ಅರಿಯದವಳ ಹಾಗೆ, “ಸಾರ್, ಚಿತ್ರದ ಮೇಲೆ ಕೆಂಪು ಕೆಂಪು ಚುಕ್ಕಿ ಬಿದ್ದಿದ್ಯಲ್ಲ, ಪ್ರಿಂಟು ಕೆಟ್ಟಿದ್ಯಾ?” ಅಂತ ಕೇಳಿದಳು. ಅವನು ತಿರುಗಿ ನೋಡಿದ. ಆಗಲೇ ಮೊದಲ ಸಲ ನೋಡಿದ್ದು. ಮುಖ ಸುಣ್ಣವಾಯಿತು. ನನ್ನ ಕಡೆ ಹಲ್ಲು ಕಚ್ಚಿ ನೋಡಿದ. ನಾನು ನಿಧಾನವಾಗಿ ಟಿಪ್ಪಣಿಯ ಒಂಬತ್ತನೇ ಪುಟ ತಿರುವಿ ಅವನ ಮುಂದಕ್ಕೆ ತಳ್ಳಿದೆ. ಓದಿಕೊಂಡ. ಮುಖಕ್ಕೆ ರಕ್ತ ವಾಪಸು ಬಂತು. ಮೈಕು ಹತ್ತಿರ ಎಳೆದುಕೊಂಡು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ: “ಇದು ತಪ್ಪಲ್ಲಮ್ಮ. ಇದು ನನ್ನ ಕ್ಯಾಮೆರಾದ ಹುಟ್ಟುಮಚ್ಚೆ. ಈ ಏಳು ಚುಕ್ಕಿ ಹೀಗೇ ಇರೋ ಇನ್ನೊಂದು ಕ್ಯಾಮೆರಾ ಈ ಭೂಮಿ ಮೇಲಿಲ್ಲ. ಈ ಚಿತ್ರ ನಂದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?”

ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ ಅಣ್ಣಾ, ಅಂಗೈ ಕೆಂಪಾಗುವ ತನಕ. ವೇದಿಕೆ ಇಳಿದು ಬರುವಾಗ ಅವನು ನನ್ನ ಭುಜ ತಟ್ಟಿ, ಆ ಚುಕ್ಕಿ ಉಳಿಸಿದ್ದು ಒಳ್ಳೇ ಉಪಾಯ, ಮೊದಲೇ ಹೇಳಬಾರದಿತ್ತೇ ಅಂದ. ನಿನ್ನ ಬೆನ್ನು ತಟ್ಟಿದ್ದೂ ಅದೇ ಕೈ ಇರಬೇಕು.

ಮಾತು ಅವನ ಬಾಯಿಂದ ಬಂದಾಗಿದೆ. ಬೇರೆಬೇರೆ ಫೋನಿನ ಹನ್ನೊಂದು ರೆಕಾರ್ಡು ನಮ್ಮ ಹತ್ತಿರ ಇವೆ. ಇಪ್ಪತ್ತೆಂಟನೇ ತಾರೀಖು ಪ್ರದರ್ಶನದ ಕೊನೆಯ ದಿನ, ಬಹುಮಾನ ಕೊಟ್ಟ ತೀರ್ಪುಗಾರರೆಲ್ಲ ಬರುತ್ತಾರೆ. ಅವರ ಮುಂದೆ ನಾನೂ ಇಂಕಣ್ಣನೂ ದೊಡ್ಡಕ್ಕನೂ ನಿಂತು ಒಂದೇ ಮಾತು ಕೇಳುತ್ತೇವೆ, ಆ ಕ್ಯಾಮೆರಾ ಎಲ್ಲಿ, ತೋರಿಸಿ ಅಂತ. ಮಾರಿದೆ ಅನ್ನುತ್ತಾನೆ, ಕಳೆಯಿತು ಅನ್ನುತ್ತಾನೆ. ಅನ್ನಲಿ. ನನಗೆ ಅವನ ಬಹುಮಾನ ಬೇಡ. ಜೀಪು ಆಫೀಸಿನ ಬೋರ್ಡಿನ ಮೇಲೆ ನಿನ್ನ ಕ್ಷಮಾಪಣೆ ಇನ್ನೂ ಹಳದಿಯಾಗಿ ನೇತಾಡುತ್ತಿದೆ, ಹೋಗಿ ನೋಡಿಬಂದೆ. ಅದೇ ಒಕ್ಕಣೆಯಲ್ಲಿ, ಹೆಸರು ಮಾತ್ರ ಬದಲಿಸಿ, ಅವನ ಕೈಯಲ್ಲಿ ಬರೆಸಬೇಕು. ಅದೇ ಬೋರ್ಡಿಗೆ, ಅದೇ ಪಿನ್ನಿನಿಂದ, ಅವನೇ ಚುಚ್ಚಬೇಕು. ಹಾಜರಿ ಹಾಕುವ ಪ್ರತಿಯೊಬ್ಬ ಡ್ರೈವರೂ ಅದನ್ನು ಜೋರಾಗಿ ಓದಬೇಕು. ಅಲ್ಲಿಯ ತನಕ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಕೆಲಸ ಹೋಗುತ್ತದೆ ಅನ್ನುವೆ. ಹೋಗಲಿ, ನಿನ್ನದು ಹೋಗಲಿಲ್ಲವೆ?

ಅಮ್ಮ ಈ ಕಾಗದವನ್ನು ಕೇಳಿಸಿಕೊಂಡಿಲ್ಲ. ಅಣ್ಣನಿಗೆ ಆಶೀರ್ವಾದ ತಿಳಿಸು, ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಲಿ, ಹಲ್ಲು ಕೀಳಿಸಲು ಹೆದರಬೇಡ ಅನ್ನು ಅಂತ ಹೇಳಿದ್ದಾಳೆ. ಇಂಕಣ್ಣನೂ ದೊಡ್ಡಕ್ಕನೂ ನಿನ್ನನ್ನು ನೋಡದಿದ್ದರೂ ಕೇಳಿದ್ದಾರೆ. ಊಟದ ಗಂಟೆ ಮುಗಿಯಿತು, ಡಬ್ಬಿ ತೆರೆಯಲೇ ಇಲ್ಲ.

ನಿನ್ನ ಮೇಲೆ ನಂಬಿಕೆ ಇಡಬೇಕಾದ ಹೊತ್ತಿನಲ್ಲಿ ಇಡದ ತಂಗಿ,
ಗೂಬೆಮರಿ

ಮರೆತಿದ್ದೆ: ಕ್ಯಾಮೆರಾ ಇದೆ ತಾನೇ? ಹೋಗುವಾಗ ನೀನು ಎಲ್ಲ ಬಿಟ್ಟು ಅದೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ ಅಂತ ಅಮ್ಮ ಹೇಳುತ್ತಾಳೆ. ಸಿಟ್ಟಿನಲ್ಲಿ ಸಮುದ್ರಕ್ಕೆ ಎಸೆದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ, ಅದನ್ನೂ ಬರೆ. ಇದ್ದರೆ ಬ್ಯಾಟರಿ ಹಾಕು, ಸೇತುವೆಯ ಕೆಳಗೆ ಆ ಸಂಜೆ ಕ್ಯಾಮೆರಾದಲ್ಲಿ ಯಾವ ಸೆಟ್ಟಿಂಗ್ ಇಟ್ಟಿದ್ದೆಯೋ ಅದನ್ನೇ ಇಡು. ಲೆನ್ಸಿನ ಮುಚ್ಚಳ ತೆಗೆಯಬೇಡ. ಮುಚ್ಚಿಕೊಂಡೇ ಒಂದು ಫೋಟೋ ತೆಗೆ. ಬರೀ ಕಪ್ಪು ಬರುತ್ತದೆ, ನಿನಗೆ ಏನೂ ಕಾಣುವುದಿಲ್ಲ, ಕೆಟ್ಟಿದೆ ಅಂತ ಅಳಿಸಿಬಿಡಬೇಡ; ದೊಡ್ಡದು ಮಾಡಿದರೆ ಆ ಕಪ್ಪಿನಲ್ಲಿ ಚುಕ್ಕಿಗಳು ಮಾತ್ರ ಉಳಿದಿರುತ್ತವೆ. ಇಪ್ಪತ್ತೆಂಟರೊಳಗೆ ಆ ಕಾರ್ಡನ್ನೂ ಕ್ಯಾಮೆರಾವನ್ನೂ ನೀನೇ ಹಿಡಿದುಕೊಂಡು ಬಾ, ಯಾರ ಕೈಗೂ ಕೊಡಬೇಡ. ನನ್ನ ಕೈಗೂ ಕೊಡಬೇಡ. ದೂರ ನಿಂತು ಏಳನ್ನೂ ಎಣಿಸುತ್ತೇನೆ, ಒಂದನ್ನೂ ಮುಟ್ಟುವುದಿಲ್ಲ.